ಗ್ರೀಕ್ ಮೈ, ರೋಮನ್ ಮುಖ

ಯುರೋಪಿನ ಯಾವ ದೊಡ್ಡ ಮ್ಯೂಸಿಯಂಗೆ ಹೋದರೂ ಪ್ರಾಚೀನ ಶಿಲ್ಪಗಳ ಸಾಲಿನಲ್ಲಿ ಒಂದೇ ಬಗೆಯ ಫಲಕ ಮತ್ತೆ ಮತ್ತೆ ಎದುರಾಗುತ್ತದೆ: ‘ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಮೂಲ, ರೋಮನ್ ಪ್ರತಿ’. ಅದನ್ನು ಓದಿದವರು ರೋಮನ್ನರನ್ನು ದಾಟಿಕೊಂಡು ನೇರ ಗ್ರೀಕರ ಹತ್ತಿರ ಹೋಗಿಬಿಡುತ್ತಾರೆ. ಕಣ್ಣೆದುರು ನಿಂತಿರುವ ಕಲ್ಲು, ಅದನ್ನು ಕಡೆದ ಕೈ, ಅದಕ್ಕೆ ಹಣ ಕೊಟ್ಟವನ ಮನೆ ಯಾವುದೂ ಕಾಣಿಸುವುದಿಲ್ಲ. ವಿದ್ವಾಂಸರೂ ಬಹುಕಾಲ ಹೀಗೇ ನೋಡಿದರು. 1764ರಲ್ಲಿ ಪ್ರಾಚೀನ ಕಲೆಯ ಚರಿತ್ರೆ ಬರೆದ ವಿಂಕೆಲ್‌ಮನ್ ಕಂಡದ್ದು ಬಹುಪಾಲು ರೋಮಿನ ನೆಲದಲ್ಲಿ ಸಿಕ್ಕ ಪ್ರತಿಮೆಗಳನ್ನು, ಅವುಗಳಲ್ಲಿ ಹುಡುಕಿದ್ದು ಗ್ರೀಸನ್ನು. ಅವನ ನಂತರ ಬಂದ ಜರ್ಮನ್ ಪಂಡಿತರು, ಹಲವು ತಾಳೆಗರಿಗಳನ್ನು ಮುಂದಿಟ್ಟುಕೊಂಡು ಕವಿಯ ಮೂಲಪಾಠವನ್ನು ನಿರ್ಧರಿಸುವ ಹಾಗೆ, ಒಂದೇ ಬಗೆಯ ಪ್ರತಿಮೆಗಳನ್ನು ಹೋಲಿಸಿ ಹೋಲಿಸಿ ಕಳೆದುಹೋದ ಕಂಚಿನ ಮೂಲವನ್ನು ಕಟ್ಟಲು ಹೊರಟರು.

ಆ ಶ್ರಮ ವ್ಯರ್ಥವಾಯಿತು ಅನ್ನುವಂತಿಲ್ಲ. ಗ್ರೀಕ್ ಶಿಲ್ಪಿಗಳಾದ ಪಾಲಿಕ್ಲೀಟಸ್, ಮೈರಾನ್, ಪ್ರಾಕ್ಸಿಟಲೀಸ್ ಏನು ಮಾಡಿದರು ಎಂದು ನಮಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಬಂದದ್ದು. ಆದರೆ ಪಾಠಾಂತರವೆಂದು ಅವರು ಪಕ್ಕಕ್ಕೆ ಸರಿಸಿದ ಭಾಗಗಳಿವೆಯಲ್ಲ, ಕಾಲಿನ ಬಳಿಯ ಮರದ ಬೊಡ್ಡೆ, ಮಣಿಕಟ್ಟಿಗೂ ಸೊಂಟಕ್ಕೂ ನಡುವಿನ ಕಲ್ಲಿನ ಪಟ್ಟಿ, ಕುತ್ತಿಗೆಯ ಬೆಸುಗೆ, ಕೂದಲಲ್ಲಿ ಬೈರಿಗೆ ಕೊರೆದ ತೂತು, ರೋಮನ್ ಕೆಲಸ ಇರುವುದೇ ಅಲ್ಲಿ. ಪ್ರತಿಮೆಯನ್ನು ಅಲ್ಲಿಂದ ನೋಡಲು ಶುರುಮಾಡಿದರೆ, ರೋಮನ್ನರು ಗ್ರೀಕ್ ಶೈಲಿಯನ್ನು ಬೇಕಾದಾಗ ಎತ್ತಿಕೊಂಡು ಬೇಡವಾದಾಗ ಕೆಳಗಿಟ್ಟರು, ಎರಡನ್ನೂ ಗೊತ್ತಿದ್ದೇ ಮಾಡಿದರು ಎಂಬುದು ಸ್ಪಷ್ಟವಾಗುತ್ತದೆ.

ಗ್ರೀಕ್ ಶಿಲ್ಪ ರೋಮಿಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ಲೂಟಿಯಾಗಿ. ಕ್ರಿ.ಪೂ. 212ರಲ್ಲಿ ರೋಮನ್ ಸೇನಾಪತಿ ಮಾರ್ಸೆಲಸ್ ಸಿಸಿಲಿಯ ಸಿರಾಕ್ಯೂಸ್ ನಗರವನ್ನು ಹಿಡಿದು ಅಲ್ಲಿನ ಪ್ರತಿಮೆಗಳನ್ನೂ ಚಿತ್ರಗಳನ್ನೂ ಹೊತ್ತು ತಂದ. ರೋಮನ್ನರು ಗ್ರೀಕ್ ಕಲೆಯನ್ನು ಮೆಚ್ಚತೊಡಗಿದ್ದು ಆಗಿನಿಂದಲೇ ಎಂದು ರೋಮನ್ ಇತಿಹಾಸಕಾರ ಲಿವಿ ಬರೆದಿದ್ದಾನೆ, ಮೆಚ್ಚಿ ಬರೆದ ಮಾತಲ್ಲ ಅದು. ಕ್ರಿ.ಪೂ. 168ರಲ್ಲಿ ಮ್ಯಾಸಿಡೋನಿಯಾದ ದೊರೆಯನ್ನು ಸೋಲಿಸಿದ ಎಮಿಲಿಯಸ್ ಪೌಲಸ್ ಮರುವರ್ಷ ನಡೆಸಿದ ವಿಜಯೋತ್ಸವ ಮೂರು ದಿನದ್ದು. ಪ್ಲುಟಾರ್ಕ್ ಹೇಳುವಂತೆ ಮೊದಲ ದಿನವೆಲ್ಲ ಪ್ರತಿಮೆ ಮತ್ತು ಚಿತ್ರಗಳನ್ನು ಹೇರಿದ 250 ಬಂಡಿಗಳು ಹಾದುಹೋಗುವುದಕ್ಕೇ ಸರಿಹೋಯಿತು. ಕ್ರಿ.ಪೂ. 146ರಲ್ಲಿ ಕೊರಿಂಥ್ ನಗರವನ್ನು ಸುಟ್ಟ ಮುಮ್ಮಿಯಸ್, ಸಾಗಣೆಯ ಗುತ್ತಿಗೆದಾರರಿಗೆ ‘ದಾರಿಯಲ್ಲಿ ಏನಾದರೂ ಕಳೆದರೆ ಅದರ ಬದಲಿಗೆ ಹೊಸತನ್ನು ತಂದುಕೊಡಬೇಕು’ ಎಂದನಂತೆ. ಬದಲಿ ಸಿಗದ ವಸ್ತುಗಳು ಅವು ಎಂಬುದೇ ಅವನಿಗೆ ಗೊತ್ತಿರಲಿಲ್ಲವೆಂದು ಮುಂದಿನ ತಲೆಮಾರು ನಕ್ಕಿತು.

ಲೂಟಿ ಮಾಡಲು ಉಳಿದ ನಗರಗಳು ಕಡಿಮೆಯಾದವು, ಬೇಡಿಕೆ ಮಾತ್ರ ಏರುತ್ತ ಹೋಯಿತು. ಎರಡು ಮೂರು ತಲೆಮಾರು ಕಳೆದ ಮೇಲೆ ಖರೀದಿ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ರೋಮಿನ ವಾಗ್ಮಿ ಸಿಸೆರೋನ ಪತ್ರಗಳೇ ಸಾಕ್ಷಿ. ಕ್ರಿ.ಪೂ. 67ರ ಸುಮಾರಿಗೆ ಅವನು ಟಸ್ಕ್ಯುಲಮ್ಮಿನ ತನ್ನ ತೋಟದ ಮನೆಗೆ ಅಥೆನ್ಸಿನಲ್ಲಿದ್ದ ಗೆಳೆಯ ಆಟಿಕಸ್ ಮೂಲಕ ಪ್ರತಿಮೆ ತರಿಸುತ್ತಾನೆ. ಗ್ರೀಸಿನ ಮೆಗಾರಾದ ಪ್ರತಿಮೆಗಳಿಗೆ 20,400 ಸೆಸ್ಟರ್ಸ್ (ರೋಮನ್ ನಾಣ್ಯ) ಸಂದಾಯ ಮಾಡಿದ ಲೆಕ್ಕ ಒಂದು ಪತ್ರದಲ್ಲಿದೆ. ಮುಂದೆ ಸೀಸರ್ ಸೈನಿಕರ ಸಂಬಳವನ್ನು ದುಪ್ಪಟ್ಟು ಮಾಡಿದ ಮೇಲೂ ಒಬ್ಬ ಸಾಮಾನ್ಯ ಸೈನಿಕನಿಗೆ ವರ್ಷಕ್ಕೆ ಸಿಗುತ್ತಿದ್ದದ್ದು 900 ಸೆಸ್ಟರ್ಸ್. ಅಂದರೆ ಅಂಥವನ 22 ವರ್ಷಕ್ಕೂ ಮೀರಿದ ಗಳಿಕೆ ಆ ಕೆಲವು ಕಲ್ಲುಗಳಿಗೆ ಹೋಯಿತು. ಪತ್ರಗಳಲ್ಲಿ ಸಿಸೆರೋ ಶಿಲ್ಪಿಯ ಹೆಸರು ಕೇಳುವುದಿಲ್ಲ. ‘ವ್ಯಾಯಾಮಶಾಲೆಗೆ ಒಪ್ಪುವಂಥದ್ದು’ ಕಳಿಸು ಎನ್ನುತ್ತಾನೆ. ಇನ್ನೊಬ್ಬ ಗೆಳೆಯ ಮದ್ಯದೇವತೆ ಬ್ಯಾಕಸ್‌ನ ಭಕ್ತೆಯರ ಪ್ರತಿಮೆಗಳನ್ನು ಕೊಂಡುಬಿಟ್ಟಾಗ ಅವನು ಸಿಡುಕುತ್ತಾನೆ: ಕಲಾದೇವಿಯರಾಗಿದ್ದರೆ ನನ್ನ ಗ್ರಂಥಾಲಯಕ್ಕಾದರೂ ಹೊಂದುತ್ತಿದ್ದರು, ಇವರನ್ನು ಎಲ್ಲಿಡಲಿ? ಶಾಂತಿಯ ಪರ ನಿಂತ ನನಗೆ ಯುದ್ಧದೇವ ಮಾರ್ಸ್ ಯಾಕೆ? ರೋಮನ್ ಗಿರಾಕಿಯ ಮನಸ್ಸು ಇಲ್ಲಿ ತೆರೆದು ಬಿದ್ದಿದೆ. ಜಾಗ ಯಾವುದು, ಅಲ್ಲಿ ಯಾವ ವಿಷಯ ಒಪ್ಪುತ್ತದೆ, ಆ ವಿಷಯಕ್ಕೆ ಯಾವ ಶೈಲಿ ಸರಿ, ಈ ಮೂರು ಮೊದಲು. ಮೂಲವೋ ಪ್ರತಿಯೋ ಎಂಬ ಪ್ರಶ್ನೆ ಆಮೇಲಿನದು.

ಇನ್ನು ಕೆಲಸದ ವಿಷಯ. ಕ್ರಿ.ಪೂ. 5 ಮತ್ತು 4ನೇ ಶತಮಾನದ ಹೆಸರಾಂತ ಗ್ರೀಕ್ ಪ್ರತಿಮೆಗಳಲ್ಲಿ ಹೆಚ್ಚಿನವು ಕಂಚಿನವು. ಮೇಣದ ಮಾದರಿಯಿಂದ ಎರಕ ಹೊಯ್ದು, ತಲೆ ಕೈ ಕಾಲು ಬೇರೆಬೇರೆಯಾಗಿ ಮಾಡಿ ಬೆಸೆದ ಒಳಟೊಳ್ಳು ಪ್ರತಿಮೆಗಳು. ರೋಮನ್ ಗಿರಾಕಿಗೆ ಅವೇ ಆಕೃತಿಗಳು ಅಮೃತಶಿಲೆಯಲ್ಲಿ ಬೇಕು. ಅಥೆನ್ಸಿನ ಚೌಕದಲ್ಲೋ ಯಾವುದೋ ದೇವಾಲಯದಲ್ಲೋ ನಿಂತಿರುವ ಮೂಲವನ್ನು ಕಾರ್ಖಾನೆಗೆ ತರುವಂತಿಲ್ಲ. ಹಾಗಾಗಿ ಅಲ್ಲೇ ಹೋಗಿ ಅಚ್ಚು ತೆಗೆಯಬೇಕಾಗಿತ್ತು. ಕ್ರಿ.ಶ. 2ನೇ ಶತಮಾನದ ಲೇಖಕ ಲೂಸಿಯನ್ ಒಂದು ಕಡೆ ಅಥೆನ್ಸಿನ ಪೇಟೆಯಲ್ಲಿದ್ದ ಹರ್ಮಿಸ್‌ನ ಪ್ರತಿಮೆಯ ಬಗ್ಗೆ ಹೇಳುತ್ತಾನೆ: ಶಿಲ್ಪಿಗಳು ದಿನಾ ಬಂದು ಅಚ್ಚು ತೆಗೆದು ತೆಗೆದು ಅದರ ಮೈಯೆಲ್ಲ ರಾಳ ಮೆತ್ತಿಕೊಂಡಿದೆ.

ಈ ಕೆಲಸ ನಿಜಕ್ಕೂ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಕೈಗೆ ಸಿಗುವ ಪುರಾವೆ ದೊರೆತದ್ದು 1954ರಲ್ಲಿ. ನೇಪಲ್ಸ್ ಹತ್ತಿರದ ಬಾಯೆಯಲ್ಲಿ, ಪ್ರಾಚೀನ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಪ್ಲಾಸ್ಟರಿನ ನಾನೂರಕ್ಕೂ ಹೆಚ್ಚು ಚೂರುಗಳು ಸಿಕ್ಕವು. ಗ್ರೀಕ್ ಕಂಚಿನ ಪ್ರತಿಮೆಗಳ ಮೇಲಿಂದ ನೇರವಾಗಿ ತೆಗೆದ ಅಚ್ಚುಗಳಲ್ಲಿ ಹೊಯ್ದ ಮಾದರಿಗಳು ಅವು. ಒಂದು ಚೂರು ಮುಖದ ಭಾಗ, ಗಡ್ಡ, ಒಂದು ಕಣ್ಣು. ಅದು ಅಥೆನ್ಸಿನ ಸರ್ವಾಧಿಕಾರಿಯ ತಮ್ಮನನ್ನು ಕೊಂದ ಇಬ್ಬರಲ್ಲಿ ಒಬ್ಬನಾದ ಅರಿಸ್ಟೊಗೈಟನ್, ಕ್ರಿ.ಪೂ. 477–76ರಲ್ಲಿ ಕ್ರಿಟಿಯಸ್ ಮತ್ತು ನೆಸಿಯೋಟಿಸ್ ಮಾಡಿದ ಜೋಡಿ ಪ್ರತಿಮೆಯವನು. ಕಂಚಿನಲ್ಲಿ ಕಣ್ಣೆವೆಗಳನ್ನು ತೆಳು ತಗಡಿನಲ್ಲಿ ಗರಗಸದ ಹಲ್ಲಿನಂತೆ ಕತ್ತರಿಸಿ ಕೂರಿಸುತ್ತಿದ್ದರು. ಅಚ್ಚಿನ ಪ್ಲಾಸ್ಟರ್ ಅದಕ್ಕೆ ಕಚ್ಚಿಕೊಂಡರೆ ಎವೆ ಕಿತ್ತುಬರುತ್ತದೆ. ಅದಕ್ಕೇ ಕೆಲಸಗಾರ ಎವೆಗಳ ಮೇಲೆ ಮೊದಲು ಮೆತ್ತನೆಯ ಪದಾರ್ಥ ಮೆತ್ತಿ ಮುಚ್ಚಿದ. ಆ ಮೆತ್ತುವಿಕೆಯ ಉಬ್ಬು ಬಾಯೆಯ ಚೂರಿನಲ್ಲಿ ಹಾಗೇ ಮೂಡಿದೆ. ಅಮೃತಶಿಲೆಯ ಪ್ರತಿಗಳಲ್ಲಿ ಕಣ್ಣರೆಪ್ಪೆ ದಪ್ಪವಾಗಿ, ಭಾರವಾಗಿ ಕಾಣುವುದುಂಟು. ಅದನ್ನು ಶಿಲ್ಪಿಯ ಶೈಲಿ ಎಂದು ಬರೆಯುವ ಮುನ್ನ ಈ ಉಬ್ಬನ್ನು ನೆನೆಯಬೇಕು.

ಪ್ಲಾಸ್ಟರನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಜಿಪ್ಸಮ್ ಕಲ್ಲನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಒಳಗಿನ ನೀರಿನ ಮುಕ್ಕಾಲು ಪಾಲು ಹೋಗಿ ಪುಡಿಯಾಗುತ್ತದೆ; ನೀರು ಬೆರೆಸಿದರೆ ಕೆಲವೇ ನಿಮಿಷಗಳಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಗಟ್ಟಿಯಾಗುವಾಗ ಜೇಡಿಯಂತೆ ಕುಗ್ಗದೆ ತುಸು ಹಿಗ್ಗುವುದರಿಂದ ಅಚ್ಚಿನ ಸಣ್ಣ ಗೆರೆಯೊಳಗೂ ಹೋಗಿ ಕೂರುತ್ತದೆ. ತೊಂದರೆ ಬರುವುದು ಒಳಬಾಗಿದ ಕಡೆಗಳಲ್ಲಿ. ಕಿವಿಯ ಹಿಂದೆ, ಸುರುಳಿ ಕೂದಲಿನಡಿ, ಬೆರಳುಗಳ ಸಂದಿಯಲ್ಲಿ ಗಟ್ಟಿ ಅಚ್ಚು ಸಿಕ್ಕಿಕೊಂಡರೆ ಎರಡರಲ್ಲೊಂದು ಮುರಿಯಲೇಬೇಕು. ಆದ್ದರಿಂದ ಅಚ್ಚನ್ನು ಬಿಡಿಸಿ ತೆಗೆಯಬಲ್ಲ ಹಲವು ತುಂಡುಗಳಾಗಿ ಕಟ್ಟಿ, ಮೈಗೆ ಮೊದಲೇ ಎಣ್ಣೆಯನ್ನೋ ರಾಳವನ್ನೋ ಹಚ್ಚುತ್ತಿದ್ದರು. ಒಮ್ಮೆ ಮಾದರಿ ಸಿದ್ಧವಾದರೆ ಅದರಿಂದ ಹತ್ತು ಪ್ರತಿಮೆ ಕಡೆಯಬಹುದು. ಮಾದರಿಯೇ ಹಡಗಿನಲ್ಲಿ ಊರೂರಿಗೆ ಹೋಗಬಹುದು. ನೇಪಲ್ಸ್‌ನಲ್ಲೂ ಏಷ್ಯಾ ಮೈನರಿನಲ್ಲೂ ಸಿಕ್ಕ ಪ್ರತಿಗಳ ಅಳತೆ ಹತ್ತಿರ ಹತ್ತಿರ ಇರುವುದರ ಗುಟ್ಟು ಇದು.

ಮಾದರಿಯಿಂದ ಕಲ್ಲಿಗೆ ಅಳತೆ ಸಾಗಿಸುವುದು ಮುಂದಿನ ಹಂತ. ಮಾದರಿಯ ಮೇಲೆ ಕದಲದ ಮೂರು ಬಿಂದುಗಳನ್ನು ಗುರುತಿಸುತ್ತಾರೆ, ಕಲ್ಲಿನ ಮೇಲೆ ಅದೇ ದೂರದಲ್ಲಿ ಇನ್ನು ಮೂರು. ಈಗ ಮೊಣಕಾಲಿನ ತುದಿ ಎಲ್ಲಿರಬೇಕು? ಮಾದರಿಯಲ್ಲಿ ಆ ಮೂರರಿಂದಲೂ ಅದಕ್ಕಿರುವ ದೂರವನ್ನು ಕೈವಾರದಿಂದ ಅಳೆದರೆ, ಕಲ್ಲಿನಲ್ಲಿ ಮೂರು ಅಳತೆಗಳೂ ಕೂಡುವ ಜಾಗ ಒಂದೇ. ಅಲ್ಲಿಯವರೆಗೆ ಕಲ್ಲು ಇಳಿಸಿ, ಕೆಲವು ಮಿಲಿಮೀಟರ್ ಉಳಿಸಿ ನಿಲ್ಲಿಸುತ್ತಾರೆ. ಪೂರ್ಣಗೊಳ್ಳದೆ ಉಳಿದ ಪ್ರತಿಮೆಗಳಲ್ಲಿ ಗಲ್ಲ, ಮುಂಗುರುಳು, ಮೊಣಕಾಲುಗಳ ಮೇಲೆ ನಡುವೆ ಸಣ್ಣ ಕುಳಿಯಿರುವ ಗುಬುಟುಗಳು ಕಾಣುತ್ತವೆ. ಅಳತೆಯ ಬಿಂದುಗಳು ಅವೇ, ಕೊನೆಯ ಗಳಿಗೆಯಲ್ಲಿ ಕೆತ್ತಿ ತೆಗೆಯಬೇಕಾಗಿದ್ದವು. 18–19ನೇ ಶತಮಾನದ ಯುರೋಪಿನ ಕಾರ್ಖಾನೆಗಳು ಬಿಂದುಯಂತ್ರದಿಂದ ಒಂದು ಪ್ರತಿಮೆಗೆ ನೂರಾರು, ಸಾವಿರಾರು ಬಿಂದುಗಳನ್ನು ಇಡುತ್ತಿದ್ದವು. ರೋಮನ್ ಕೆಲಸದಲ್ಲಿ ಅಷ್ಟಿಲ್ಲ. ಎರಡು ಬಿಂದುಗಳ ನಡುವಿನ ಜಾಗವನ್ನು ಶಿಲ್ಪಿ ಕಣ್ಣಳತೆಯಿಂದಲೇ ತುಂಬಿದ. ಒಂದೇ ಪ್ರತಿಮೆಯ ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟರೆ ಹಣೆಯ ಮೇಲಿನ ಸುರುಳಿಗಳು ಎಣಿಸಿದಂತೆ ಹೊಂದುತ್ತವೆ, ತಲೆಯ ಹಿಂಭಾಗ ಮನಸ್ಸು ಬಂದಂತೆ ಇರುತ್ತದೆ. ಕಾರಣ ಸರಳ: ಬಿಂದುಗಳಿದ್ದದ್ದು ಮುಂದೆ, ಪ್ರತಿಮೆ ನಿಲ್ಲುತ್ತಿದ್ದದ್ದು ಗೋಡೆಯ ಗೂಡಿನಲ್ಲಿ.

ಇಲ್ಲಿ ಒಂದು ಅಳತೆ ತಪ್ಪಿದರೆ ಸರಿಪಡಿಸುವುದು ಕಷ್ಟ. ಮೇಣಕ್ಕೆ ಮೇಣ ಸೇರಿಸಬಹುದು, ಕಡೆದ ಕಲ್ಲಿಗೆ ಕಲ್ಲು ಸೇರುವುದಿಲ್ಲ. ಒಂದು ಬಿಂದು ಬೆರಳಗಲ ಆಳಕ್ಕೆ ಹೋದರೆ ಸುತ್ತಲಿನ ಇಡೀ ಭಾಗವನ್ನು ತಗ್ಗಿಸಬೇಕು ಅಥವಾ ಚೌಕಾಕಾರದ ಕುಳಿ ತೆಗೆದು ಬೇರೆ ತುಂಡು ಕೂರಿಸಬೇಕು. ಚಾಚಿದ ಕೈ, ತಲೆಯ ಹಿಂಭಾಗ ಮುಂತಾದವನ್ನು ಕಲ್ಲು ಉಳಿಸಲೆಂದೇ ಬೇರೆ ತುಂಡಿನಲ್ಲಿ ಮಾಡುವುದೂ ಇತ್ತು. ಜೋಡಿಸಲು ಕಬ್ಬಿಣದ ಸರಳು, ಸುತ್ತ ಕರಗಿಸಿ ಹೊಯ್ದ ಸೀಸ. ಸೀಸ ಸಂದು ಬಿಡದೆ ತುಂಬಿದ್ದರೆ ಜೋಡಣೆ ಶತಮಾನಗಳಷ್ಟು ಬಾಳುತ್ತದೆ. ಎಲ್ಲೋ ಒಂದು ಕಡೆ ನೀರು ಇಳಿದರೆ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿ ಒಳಗಿನಿಂದಲೇ ಕಲ್ಲನ್ನು ಸೀಳುತ್ತದೆ. ಪ್ರತಿಮೆಗಳ ಮಣಿಕಟ್ಟು, ಭುಜಗಳಲ್ಲಿ ಕಂದು ಕಲೆಯ ಜೊತೆಗಿರುವ ಬಿರುಕು ಕಂಡರೆ ನಡೆದಿರುವುದು ಇದೇ.

ಕಲ್ಲಿನ ಆಯ್ಕೆಯೂ ಕೆಲಸವನ್ನು ತಿದ್ದುತ್ತದೆ. ಅಥೆನ್ಸ್ ಬಳಿಯ ಪೆಂಟೆಲಿಕ್ ಕಲ್ಲಿನಲ್ಲಿ ಅಭ್ರಕದ ಪದರಗಳಿವೆ, ಕಬ್ಬಿಣದ ಅಂಶದಿಂದ ಕಾಲಕ್ರಮೇಣ ಹೊಂಬಣ್ಣಕ್ಕೆ ತಿರುಗುತ್ತದೆ, ಪದರದ ಗುಂಟ ಸೀಳುವ ಭಯ ಇದ್ದೇ ಇದೆ. ಪೇರೋಸ್ ದ್ವೀಪದ ಕಲ್ಲು ದೊಡ್ಡ ಹರಳಿನದು, ಬೆಳಕು ಮೇಲ್ಮೈಯಿಂದ ತುಸು ಒಳಗೆ ಇಳಿಯುವುದರಿಂದ ಚರ್ಮದ ಹೊಳಪು ಬರುತ್ತದೆ. ಕ್ರಿ.ಪೂ. 1ನೇ ಶತಮಾನದ ನಡುವಿನಿಂದ ಇಟಲಿಯದ್ದೇ ಲೂನಾದ, ಇಂದಿನ ಕರಾರಾದ, ಸಣ್ಣ ಹರಳಿನ ಬಿಳಿಕಲ್ಲು ಬರತೊಡಗಿತು. ರೋಮಿಗೆ ಸಮುದ್ರದ ದಾರಿ ಹತ್ತಿರವಾದ್ದರಿಂದ ಕೆಲಸದ ಪ್ರಮಾಣವೇ ಬದಲಾಯಿತು. ತೂಕದ ಅಂದಾಜು ಬೇಕೆಂದರೆ ಹೀಗೆ ಲೆಕ್ಕ ಹಾಕಬಹುದು: 2.1 ಮೀಟರ್ ಎತ್ತರ, 0.8 ಅಗಲ, 0.7 ಆಳದ ದಿಮ್ಮಿ ಎಂದರೆ 1.18 ಘನಮೀಟರ್, ಘನಮೀಟರಿಗೆ 2.7 ಟನ್ನಿನಂತೆ 3 ಟನ್ನಿಗೂ ಮೇಲೆ. ಅದರಲ್ಲಿ ಬಹುಪಾಲು ಚಕ್ಕೆಯಾಗಿ ಕೆಳಗೆ ಬೀಳುವಂಥದ್ದು. ಗಣಿಯಲ್ಲೇ ಒರಟಾಗಿ ಆಕಾರ ತೆಗೆದು ಕಳಿಸುವ ರೂಢಿ ಬೆಳೆದದ್ದು ಅದಕ್ಕೇ.

ಆಧಾರದ ಬೊಡ್ಡೆಗೆ ಈಗ ಬರೋಣ, ಏಕೆಂದರೆ ರೋಮನ್ ಪ್ರತಿಮೆಯಲ್ಲಿ ಅತಿ ಹೆಚ್ಚು ತಿರಸ್ಕಾರಕ್ಕೆ ಗುರಿಯಾದದ್ದು ಇದೇ. ಪಾಲಿಕ್ಲೀಟಸ್ ಕ್ರಿ.ಪೂ. 440ರ ಸುಮಾರಿಗೆ ಮಾಡಿದ ಈಟಿಧಾರಿಯಲ್ಲಿ ಮೈಭಾರವೆಲ್ಲ ಬಲಗಾಲಿನ ಮೇಲೆ, ಎಡಗಾಲು ಹಿಂದೆ ಸರಿದು ಹಿಮ್ಮಡಿ ಎತ್ತಿದೆ. ಸೊಂಟ ಒಂದು ಕಡೆ ವಾಲಿದರೆ ಭುಜ ಇನ್ನೊಂದು ಕಡೆ. ಕಂಚಿನಲ್ಲಿ ಇದು ಸಲೀಸು. ಗೋಡೆ ತೆಳು, ಒಳಗೆ ಟೊಳ್ಳು, ಪಾದದೊಳಗೆ ಸೀಸ ಹೊಯ್ದು ಪೀಠಕ್ಕೆ ಬಿಗಿದರೆ ಆಯಿತು. ಎಳೆದರೂ ಬಾಗಿದರೂ ಕಂಚು ತಡೆಯುತ್ತದೆ. ಅಮೃತಶಿಲೆ ಒತ್ತುವ ಭಾರವನ್ನು ಚೆನ್ನಾಗಿ ಹೊರುತ್ತದೆ, ಎಳೆತವನ್ನು ತಡೆಯುವ ಶಕ್ತಿ ಅದರ ಸುಮಾರು ಹತ್ತನೇ ಒಂದು ಪಾಲು ಮಾತ್ರ. ನೂರಾರು ಕಿಲೋ ತೂಕದ ಮೈ ಒಂದು ಕಣಕಾಲಿನ ಮೇಲೆ ನಿಂತು ತುಸು ವಾಲಿದರೆ ಕಣಕಾಲಿನ ಒಂದು ಬದಿಯಲ್ಲಿ ಎಳೆತ ಹುಟ್ಟುತ್ತದೆ; ಮುರಿಯುವುದು ಅಲ್ಲೇ. ಪೊಂಪೇಯಲ್ಲಿ ಸಿಕ್ಕ, ಈಗ ನೇಪಲ್ಸ್‌ನಲ್ಲಿರುವ 2.12 ಮೀಟರ್ ಎತ್ತರದ ಈಟಿಧಾರಿಯ ಬಲಗಾಲಿಗೆ ಮರದ ಬೊಡ್ಡೆ ಅಂಟಿಕೊಂಡಿರುವುದು ಈ ಕಾರಣಕ್ಕೆ.

ಆದರೆ ಇದು ಬರೀ ಅನಿವಾರ್ಯದ ಊರುಗೋಲಲ್ಲ. ಒಳ್ಳೆಯ ಕಾರ್ಖಾನೆಗಳು ಆಧಾರವನ್ನೇ ಮಾತನಾಡುವಂತೆ ಮಾಡಿದವು. ರೋಮಿನ ಹತ್ತಿರದ ಟಿವೊಲಿಯಲ್ಲಿ ಸಿಕ್ಕ ಸೇನಾನಿಯ ಪ್ರತಿಮೆಯ ಪಕ್ಕದಲ್ಲಿ ಮರದ ಬದಲು ಅವನು ಕಳಚಿಟ್ಟ ಎದೆಕವಚವಿದೆ, ಅದೇ ಭಾರ ಹೊರುತ್ತದೆ, ಅದೇ ಅವನ ಹುದ್ದೆಯನ್ನೂ ಹೇಳುತ್ತದೆ. ಪ್ರೇಮದೇವತೆ ವೀನಸ್‌ಗೆ ಡಾಲ್ಫಿನ್, ಅಪೊಲೊ ದೇವನಿಗೆ ಬತ್ತಳಿಕೆ. ಗ್ರೀಕ್ ಕಂಚಿನಲ್ಲಿ ಇರದಿದ್ದ ಈ ವಸ್ತುಗಳನ್ನು ಮನಸ್ಸಿನಲ್ಲೇ ಅಳಿಸಿ ನೋಡಿ ಎಂದು ಹಳೆಯ ಕೈಪಿಡಿಗಳು ಕಲಿಸುತ್ತಿದ್ದವು. ಅದು ಕೆಟ್ಟ ಸಲಹೆ. ಅಳಿಸಿದರೆ ಉಳಿಯುವುದು ಯಾರೂ ಮಾಡದ, ಎಲ್ಲೂ ನಿಲ್ಲಲಾರದ ಒಂದು ಪ್ರತಿಮೆ.

ಹೀಗೆ ಮಾಡಿದವರು ಅನಾಮಿಕ ಕೂಲಿಗಳಾಗಿರಲಿಲ್ಲ. ದಕ್ಷಿಣ ಇಟಲಿಯ ಗ್ರೀಕನಾದ ಪಸಿಟಲೀಸ್ ಕ್ರಿ.ಪೂ. 1ನೇ ಶತಮಾನದಲ್ಲಿ ರೋಮಿನಲ್ಲಿ ಕೆಲಸ ಮಾಡಿದವನು, ಲೋಕದ ಹೆಸರಾಂತ ಕಲಾಕೃತಿಗಳ ಬಗ್ಗೆ ಐದು ಸಂಪುಟ ಬರೆದವನು. ಮಣ್ಣಿನ ಮಾದರಿಯೇ ಎಲ್ಲ ಶಿಲ್ಪಕ್ಕೂ ತಾಯಿ, ಮಾದರಿ ಮಾಡದೆ ತಾನು ಏನನ್ನೂ ಕಡೆಯುವುದಿಲ್ಲ ಎಂಬುದು ಅವನ ನಿಲುವಾಗಿತ್ತೆಂದು ರೋಮನ್ ಲೇಖಕ ಪ್ಲಿನಿ ದಾಖಲಿಸಿದ್ದಾನೆ. ಅವನ ಶಿಷ್ಯ ಸ್ಟೆಫನೊಸ್ ತನ್ನ ಪ್ರತಿಮೆಯ ಮೇಲೆ ‘ಪಸಿಟಲೀಸನ ಶಿಷ್ಯ’ ಎಂದೇ ಸಹಿ ಹಾಕಿದ; ಸ್ಟೆಫನೊಸನ ಶಿಷ್ಯ ಮೆನಲೌಸ್ ಕೂಡ ಹಾಗೇ ಮಾಡಿದ. ಮೂರು ತಲೆಮಾರಿನ ಗುರುಪರಂಪರೆ. ಸ್ಟೆಫನೊಸನ ಯುವಕನ ನಿಲುವು ಕ್ರಿ.ಪೂ. 5ನೇ ಶತಮಾನದ ಮೊದಲ ಭಾಗದ್ದು, ಸಪೂರ ಮೈ ಮತ್ತು ಪುಟ್ಟ ತಲೆ ನಂತರದ ಕಾಲದ ರುಚಿಯದ್ದು. ಹಳೆಯ ಶೈಲಿಯನ್ನು ಬಲ್ಲವನೊಬ್ಬ ಅದರಲ್ಲೇ ಹೊಸ ಪದ್ಯ ಕಟ್ಟಿದ್ದಾನೆ. ಅದೇ ಕಾಲದ ಆರ್ಕೆಸಿಲಾಸನ ಬರೀ ಮಾದರಿಗಳನ್ನು, ಬೇರೆಯವರ ಸಿದ್ಧ ಪ್ರತಿಮೆಗಳಿಗಿಂತ ಹೆಚ್ಚು ಬೆಲೆಗೆ, ಸ್ವತಃ ಶಿಲ್ಪಿಗಳೇ ಕೊಳ್ಳುತ್ತಿದ್ದರಂತೆ.

ಇನ್ನು ಮುಖ. ರೋಮನ್ ಕುಲೀನರ ಮನೆಯ ಮುಂಗಣದಲ್ಲಿ ಪೂರ್ವಜರ ಮೇಣದ ಮುಖಗಳಿರುತ್ತಿದ್ದವು. ಮನೆಯಲ್ಲಿ ಸಾವಾದಾಗ ಅವನ್ನು ಧರಿಸಿದವರು ಶವದ ಮೆರವಣಿಗೆಯಲ್ಲಿ ನಡೆಯುತ್ತಿದ್ದರು ಎಂದು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ವಿವರಿಸಿದ್ದಾನೆ. ಈ ಸಮಾಜಕ್ಕೆ ಮುಖವೆಂದರೆ ದಾಖಲೆ. ಸುಕ್ಕು, ಬೋಳುತಲೆ, ಜೋತ ಗಲ್ಲ ಎಲ್ಲವೂ ಅನುಭವದ, ಅಧಿಕಾರದ ಗುರುತು. ಗ್ರೀಕ್ ಪರಂಪರೆಗಾದರೋ ಮೈಯೇ ಮುಖ್ಯ. ವ್ಯಾಯಾಮದಿಂದ ಹುರಿಗೊಂಡ ಬೆತ್ತಲೆ ಮೈ ಒಳ್ಳೆಯತನದ ರೂಪ. ಎರಡೂ ಒಂದೇ ಕಲ್ಲಿನಲ್ಲಿ ಸೇರಿದ್ದನ್ನು ನೋಡಬೇಕಾದರೆ ಗ್ರೀಸಿನ ಡೆಲೋಸ್ ದ್ವೀಪಕ್ಕೆ ಹೋಗಬೇಕು. ಕ್ರಿ.ಪೂ. 166ರಿಂದ ಸುಂಕವಿಲ್ಲದ ಬಂದರಾಗಿ, ಇಟಲಿಯ ವ್ಯಾಪಾರಿಗಳಿಂದ ತುಂಬಿದ್ದ ದ್ವೀಪ ಅದು. ಅಲ್ಲಿ ಒಂದೇ ಮನೆಯಲ್ಲಿ ಎರಡು ಪ್ರತಿಮೆಗಳು ಸಿಕ್ಕವು: ಪಾಲಿಕ್ಲೀಟಸನ ತಲೆಪಟ್ಟಿ ಕಟ್ಟುವ ಯುವಕನ ಪ್ರತಿ ಒಂದು, ಇನ್ನೊಂದು ಅದೇ ಬಗೆಯ ಕ್ರೀಡಾಪಟುವಿನ ಮೈ. ಎರಡನೆಯದರ ಮೇಲೆ ಕೂದಲು ಉದುರಿದ, ಕಿವಿ ಮುಂದೆ ಬಂದ, ವಯಸ್ಸಾದ ಮುಖ. ವಿದ್ವಾಂಸರು ಇದನ್ನು ‘ಹುಸಿ ಕ್ರೀಡಾಪಟು’ ಎಂದು ಕರೆದರು. ಆ ಹೆಸರಿನಲ್ಲಿರುವ ಕೀಳುನೋಟ ನನಗೆ ಒಪ್ಪಿಗೆಯಿಲ್ಲ. ಟಿವೊಲಿಯ ಸೇನಾನಿಯೂ ಇದೇ ರೀತಿ, ಸುಕ್ಕುಗಟ್ಟಿದ ಮುಖ, ವೀರನ ಮೈ. ರೋಮಿನ ಹತ್ತಿರ ಸಿಕ್ಕು ಈಗ ಕೋಪನ್‌ಹೇಗನ್ನಿನಲ್ಲಿರುವ ಗೃಹಿಣಿಯೊಬ್ಬಳ ಪ್ರತಿಮೆಯಲ್ಲಿ ವೀನಸ್‌ಳ ಬೆತ್ತಲೆ ಮೈ, ಅದರ ಮೇಲೆ ಕ್ರಿ.ಶ. 1ನೇ ಶತಮಾನದ ಕೊನೆಯ ಫ್ಯಾಷನ್ನಿನ ಎತ್ತರದ ಗುಂಗುರು ಮುಡಿ, ನಡುವಯಸ್ಸಿನ ಗಂಭೀರ ಮುಖ. ಆ ಮೈ ಅವಳದ್ದೆಂದು ಅಂದಿನ ನೋಡುಗರು ಯಾರೂ ತಿಳಿಯಲಿಲ್ಲ. ದೇವಿಯ ಗುಣ ಅವಳಲ್ಲಿದೆ ಎಂದು ಹೇಳುವ ಬಟ್ಟೆ ಆ ಮೈ.

ಇದು ಕೆಲಸದ ರೀತಿಯಲ್ಲೂ ಕಾಣುತ್ತದೆ. ಕಾರ್ಖಾನೆಗಳು ರೋಮನ್ ಪುರುಷರ ಮೇಲುಡುಗೆಯಾದ ಟೋಗಾ ಉಟ್ಟ ಮೈಗಳನ್ನು, ಸೆರಗು ಹೊದ್ದ ಮೈಗಳನ್ನು ಕಡೆದು ಕುತ್ತಿಗೆಯಲ್ಲಿ ಬಟ್ಟಲಿನಂಥ ಕುಳಿ ಬಿಟ್ಟಿರುತ್ತಿದ್ದವು. ತಲೆಯನ್ನು ಬೇರೆಯೇ ಮಾಡಿ, ಕುತ್ತಿಗೆಯ ಕೆಳಗೆ ಗೂಟದಂತೆ ಉಳಿಸಿ, ಬಟ್ಟೆಯ ಅಂಚಿನ ಮರೆಯಲ್ಲಿ ಸಂದು ಬೀಳುವ ಹಾಗೆ ಕೂರಿಸುತ್ತಿದ್ದರು. ತಲೆ ಬೇರೆಯಾದ ಮೇಲೆ ತಲೆ ಬದಲಿಸುವುದೂ ಸುಲಭ. ಸೀಸರನ ಚೌಕದ ಕುದುರೆ ಸವಾರ ಮೊದಲು ಗ್ರೀಕ್ ಶಿಲ್ಪಿ ಲಿಸಿಪ್ಪಸ್ ಮಾಡಿದ ಅಲೆಕ್ಸಾಂಡರ್ ಆಗಿದ್ದ, ತಲೆ ಮಾತ್ರ ಸೀಸರನದಾಯಿತು ಎಂದು ಕವಿ ಸ್ಟೇಷಿಯಸ್ ಹೇಳುತ್ತಾನೆ. ಹೆಸರು ಕೆಟ್ಟು ಸತ್ತ ಚಕ್ರವರ್ತಿಯ ಮುಖವನ್ನೇ ಕೆತ್ತಿ ಮುಂದಿನವನದಾಗಿ ಮಾಡುವುದೂ ಇತ್ತು: ನೀರೋ ವೆಸ್ಪೇಸಿಯನ್ ಆದ, ಡೊಮಿಷಿಯನ್ ನರ್ವಾ ಆದ. ಕೆತ್ತಿದಷ್ಟೂ ಕಲ್ಲು ಕಡಿಮೆಯಾಗುವುದರಿಂದ ಇಂಥವುಗಳಲ್ಲಿ ಮೈಗೆ ಹೋಲಿಸಿದರೆ ತಲೆ ಚಿಕ್ಕದು, ಕುತ್ತಿಗೆ ದಪ್ಪ, ಕಿವಿ ಹಳೆಯ ಜಾಗದಲ್ಲೇ ಉಳಿದು ಹೊಸ ಮುಖಕ್ಕೆ ಹೊಂದದೆ ಕಾಣುತ್ತದೆ. ಮುಖದ ಹೋಲಿಕೆಗಿಂತ ಮೊದಲು ಕಿವಿಯನ್ನು ಬದಿಯಿಂದ ನೋಡುವುದು ಒಳ್ಳೆಯ ಅಭ್ಯಾಸ.

1863ರ ಏಪ್ರಿಲಿನಲ್ಲಿ ರೋಮಿನ ಉತ್ತರಕ್ಕೆ ಪ್ರಿಮಾ ಪೋರ್ತಾದಲ್ಲಿ, ಹೆಂಡತಿ ಲಿವಿಯಾಳ ಮನೆಯ ಅವಶೇಷದಲ್ಲಿ ಸಿಕ್ಕ, ರೋಮಿನ ಮೊದಲ ಚಕ್ರವರ್ತಿ ಅಗಸ್ಟಸನ ಪ್ರತಿಮೆ ಈ ಎಲ್ಲವನ್ನೂ ಮೀರಿದ ಕೆಲಸ. 2 ಮೀಟರಿಗೂ ತುಸು ಎತ್ತರ, ಪೇರೋಸಿನ ಕಲ್ಲು. ಬಲಗಾಲಿನ ಮೇಲೆ ಭಾರ, ಎಡಗಾಲು ಹಿಂದೆ: ಈಟಿಧಾರಿಯ ನಿಲುವೇ ಇದು, ಬಲಗೈ ಮಾತ್ರ ಸೈನ್ಯವನ್ನು ಉದ್ದೇಶಿಸಿ ಮೇಲೆದ್ದಿದೆ. ಬರಿಗಾಲು ದೇವತೆಗಳದ್ದು, ವೀರರದ್ದು. ಮೈಮೇಲಿನ ಕವಚ ರೋಮನ್ ಸೇನಾಪತಿಯದು, ಅದರ ನಡುವೆ ಕ್ರಿ.ಪೂ. 20ರಲ್ಲಿ ಪಾರ್ಥಿಯನ್ನರು ರೋಮಿನ ಸೇನಾಧ್ವಜವನ್ನು ಹಿಂದಿರುಗಿಸಿದ ಪ್ರಸಂಗ. ಕಾಲಬಳಿಯ ಆಧಾರ ಡಾಲ್ಫಿನ್ನಿನ ಮೇಲೆ ಕುಳಿತ, ವೀನಸ್‌ಳ ಮಗ ಕ್ಯುಪಿಡ್. ಆ ಮೂಲಕ ವೀನಸ್‌ಳಿಂದ ಇಳಿದ ವಂಶ ಎಂಬ ಸೂಚನೆ. ಸುಕ್ಕಿನ ಮುಖಗಳ ಕಾಲ ಮುಗಿದಿತ್ತು. ಅಗಸ್ಟಸ್ 75 ದಾಟಿ ಬದುಕಿದ, ಉಳಿದುಬಂದಿರುವ ಅವನ 200ಕ್ಕೂ ಹೆಚ್ಚು ಪ್ರತಿಮೆಗಳಲ್ಲಿ ಮುದುಕನಾಗಲೇ ಇಲ್ಲ. ಅವನನ್ನು ಗುರುತಿಸಲು ವಿದ್ವಾಂಸರು ನೋಡುವುದು ಹಣೆಯ ಮೇಲಿನ ಕೂದಲನ್ನು. ಒಂದು ಕಡೆ ಕವಲೊಡೆದು, ಇನ್ನೊಂದು ಕಡೆ ಇಕ್ಕಳದಂತೆ ಕೂಡುವ ಎಳೆಗಳು, ರೋಮಿನಿಂದ ಹೋದ ಮಾದರಿಯನ್ನು ನೋಡಿ ಪ್ರಾಂತಪ್ರಾಂತದ ಶಿಲ್ಪಿಗಳು ಎಣಿಸಿ ಕಡೆದವು.

ಅದೇ ಅಗಸ್ಟಸನ ಮುಖ ನಮ್ಮ ನೆಲಕ್ಕೂ ಬಂದಿದೆ, ಬೆಳ್ಳಿಯ ಮೇಲೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಶಾತವಾಹನರ ಕಾಲದ ನೆಲೆಯಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸರ ಡಿನೇರಿಯಸ್ ನಾಣ್ಯಗಳು ದೊರೆತಿವೆ. ಕೊಲ್ಹಾಪುರದ ಬ್ರಹ್ಮಪುರಿಯಲ್ಲಿ ಸಿಕ್ಕ ಗ್ರೀಕರ ಸಮುದ್ರದೇವ ಪೊಸೈಡನ್ನಿನ ಪುಟ್ಟ ಕಂಚಿನ ಪ್ರತಿಮೆಯ ನಿಲುವನ್ನು ಕ್ರಿ.ಪೂ. 4ನೇ ಶತಮಾನದ ಲಿಸಿಪ್ಪಸನ ಪರಂಪರೆಗೆ ಸೇರಿಸುತ್ತಾರೆ. ಗ್ರೀಕ್ ಆಕೃತಿ, ರೋಮನ್ ಕಾಲದ ತಯಾರಿಕೆ, ದಖ್ಖನ್ನಿನ ಮಾರುಕಟ್ಟೆ.

ಗ್ರೀಕ್ ಶೈಲಿ ಬೇಡವೆನಿಸಿದಾಗ ರೋಮನ್ನರು ಏನು ಮಾಡಿದರು ಎಂಬುದಕ್ಕೆ ವ್ಯಾಟಿಕನ್ನಿನಲ್ಲಿರುವ, ಚಕ್ರವರ್ತಿ ಆಂಟೊನೈನಸ್ ಪಯಸ್‌ನ ಕಂಬದ ಪೀಠಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಅವನು ತೀರಿಕೊಂಡ ಕ್ರಿ.ಶ. 161ರ ನಂತರ ನಿಲ್ಲಿಸಿದ ಕಂಬ. ಪೀಠದ ಒಂದು ಬದಿಯಲ್ಲಿ ಚಕ್ರವರ್ತಿಯೂ ಹೆಂಡತಿ ಫೌಸ್ಟಿನಾಳೂ ರೆಕ್ಕೆಯ ದೇವಪುರುಷನೊಬ್ಬನ ಬೆನ್ನೇರಿ ಸ್ವರ್ಗಕ್ಕೆ ಹೋಗುತ್ತಿದ್ದಾರೆ. ನೀಳವಾದ ಮೈಗಳು, ಶಾಂತ ಮುಖಗಳು, ಸುತ್ತ ಧಾರಾಳ ಖಾಲಿ ಜಾಗ. ಅಪ್ಪಟ ಗ್ರೀಕ್ ಸಂಪ್ರದಾಯದ ಉಬ್ಬುಶಿಲ್ಪ. ಪಕ್ಕಕ್ಕೆ ತಿರುಗಿದರೆ ಅಂತ್ಯಸಂಸ್ಕಾರದ ಸೇನಾ ಪ್ರದಕ್ಷಿಣೆ. ಕುಳ್ಳ ಮೈ, ದೊಡ್ಡ ತಲೆಯ ಸೈನಿಕರು ನಡುವೆ ನಿಂತಿದ್ದಾರೆ, ಸುತ್ತಲೂ ಕುದುರೆ ಸವಾರರು. ಸುತ್ತು ಮೇಲಿನಿಂದ ನೋಡಿದಂತಿದೆ, ಪ್ರತಿ ಕುದುರೆಯೂ ಬದಿಯಿಂದ ನೋಡಿದಂತಿದೆ. ಪ್ರತಿ ಗುಂಪಿನ ಕಾಲಡಿಯಲ್ಲಿ ನೆಲದ ಚೂರು ಕಪಾಟಿನ ಹಲಗೆಯಂತೆ ಹೊರಚಾಚಿದೆ. ಒಂದೇ ಕಲ್ಲು, ಒಂದೇ ಕಾಲ, ಒಂದೇ ಆದೇಶ. ಇದನ್ನು ‘ಅವನತಿಯ ಆರಂಭ’ ಎಂದು ಬರೆದವರು ಪಕ್ಕದ ಬದಿಯನ್ನು ಮರೆತರು. ಸ್ವರ್ಗಾರೋಹಣ ಯಾರೂ ಕಣ್ಣಾರೆ ಕಾಣದ ಸಂಗತಿ, ಅದಕ್ಕೆ ಗ್ರೀಕರು ಕಂಡುಕೊಂಡ ಭಾಷೆ ಬೇಕು. ಪ್ರದಕ್ಷಿಣೆ ರೋಮಿನ ಬಯಲಿನಲ್ಲಿ ಜನ ನೋಡಿದ ಸಮಾರಂಭ. ಎಷ್ಟು ಜನ, ಯಾವ ಕ್ರಮದಲ್ಲಿ, ಯಾರ ಸುತ್ತ ಎಂಬುದೇ ಅಲ್ಲಿ ಮುಖ್ಯ. ಕ್ರಿ.ಶ. 113ರ ಟ್ರೇಜನ್ ಕಂಬದಲ್ಲಿ, ಎರಡೂವರೆ ಸಾವಿರಕ್ಕೂ ಹೆಚ್ಚು ಆಕೃತಿಗಳು ಸುರುಳಿಯಾಗಿ ಮೇಲೇರುವಾಗ, ಕೋಟೆಗಳು ಮನುಷ್ಯರ ಎದೆಮಟ್ಟಕ್ಕೆ ಇಳಿದಿರುವುದೂ ಇದೇ ವಿವೇಕದಿಂದ.

ಮ್ಯೂಸಿಯಂನಲ್ಲಿ ಕಾಲ ಗುರುತಿಸುವವರಿಗೆ ಒಂದೆರಡು ಸುಳಿವು. ಕಣ್ಣಿನ ಪಾಪೆಯನ್ನು ಕೆತ್ತಿ ತೋರಿಸುವುದು ಹೇಡ್ರಿಯನ್ನನ ಕಾಲದಲ್ಲಿ, ಸುಮಾರು ಕ್ರಿ.ಶ. 130ರಿಂದ ರೂಢಿಯಾಯಿತು; ಅದಕ್ಕೂ ಮುಂಚೆ ಬಣ್ಣದಲ್ಲೇ ಬರೆಯುತ್ತಿದ್ದರು, ಬಣ್ಣ ಹೋಗಿ ಈಗ ಕಣ್ಣು ಕುರುಡಾಗಿ ಕಾಣುತ್ತದೆ. ಚಕ್ರವರ್ತಿಗಳಿಗೆ ಗಡ್ಡ ಬಂದದ್ದೂ ಅವನಿಂದಲೇ. ಮುಖ ಪಿಂಗಾಣಿಯಂತೆ ನುಣುಪು, ಕೂದಲು ಬೈರಿಗೆಯ ಆಳದ ಕಾಲುವೆಗಳಿಂದ ಕಪ್ಪು ನೆರಳು ತುಂಬಿಕೊಂಡಿದ್ದರೆ 2ನೇ ಶತಮಾನದ ಕೊನೆಯ ಭಾಗ. 1874ರಲ್ಲಿ ರೋಮಿನಲ್ಲಿ ಸಿಕ್ಕ, ಹರ್ಕ್ಯುಲೀಸನ ವೇಷದ ಚಕ್ರವರ್ತಿ ಕೊಮೊಡಸ್ ಇದಕ್ಕೆ ಮಾದರಿ. ಮೂಗು, ಬೆರಳು, ತೋಳುಗಳನ್ನು ಮಾತ್ರ ನಂಬಬೇಡಿ, ಬಹಳಷ್ಟು ಸಲ ಅವು 16ರಿಂದ 18ನೇ ಶತಮಾನದ ದುರಸ್ತಿ. ಹೇಡ್ರಿಯನ್ನನ ಅರಮನೆಯಲ್ಲಿ 1790ರಲ್ಲಿ ಸಿಕ್ಕು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಮೈರಾನನ ಚಕ್ರ ಎಸೆಯುವವನಿಗೆ ತಲೆಯನ್ನು ತಪ್ಪು ದಿಕ್ಕಿಗೆ ಕೂರಿಸಿದ್ದಾರೆ, ಅವನು ನೆಲ ನೋಡುತ್ತಾನೆ. 1781ರಲ್ಲಿ ಸಿಕ್ಕ ಇನ್ನೊಂದು ಪ್ರತಿಯಲ್ಲಿ ಅವನು ಹಿಂದಿರುಗಿ ಚಕ್ರ ಹಿಡಿದ ಕೈಯನ್ನು ನೋಡುತ್ತಾನೆ. ಲೂಸಿಯನ್ನನ ವರ್ಣನೆಯೂ ಹಾಗೇ ಇದೆ.

ಮೂಲವೂ ಪ್ರತಿಯೂ ಎರಡೂ ಉಳಿದು, ತಾಳೆ ನೋಡಲು ಸಾಧ್ಯವಿರುವ ಪ್ರಸಂಗಗಳು ತೀರ ಕಡಿಮೆ. ಅಂಥದ್ದೊಂದು ಅಥೆನ್ಸಿನ ಎರೆಕ್‌ಥಿಯಾನ್ ದೇವಾಲಯದ ಕನ್ಯೆಯರದು, ಕ್ರಿ.ಪೂ. 5ನೇ ಶತಮಾನದ ಕೊನೆಯಲ್ಲಿ ಛಾವಣಿ ಹೊತ್ತು ನಿಂತ ಆರು ಕನ್ಯೆಯರು. ಕ್ರಿ.ಪೂ. 2ರಲ್ಲಿ ಉದ್ಘಾಟನೆಯಾದ ಅಗಸ್ಟಸನ ಚೌಕದ ಮೇಲಂತಸ್ತಿನಲ್ಲಿ ಅವರನ್ನು ಗೋಡೆಗಂಟಿದ ಉಬ್ಬುಶಿಲ್ಪಗಳಾಗಿ ಸಾಲು ನಿಲ್ಲಿಸಿದರು. ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಹೇಡ್ರಿಯನ್ ಟಿವೊಲಿಯ ತನ್ನ ಕೊಳದ ದಂಡೆಗೆ ನಾಲ್ವರನ್ನು ಮಾಡಿಸಿದ, ಅವರು 1952ರಲ್ಲಿ ಸಿಕ್ಕರು. ಮಡಿಕೆಗಳನ್ನು ಹೋಲಿಸಿದರೆ ಟಿವೊಲಿಯವರು ಮೂಲಕ್ಕೆ ಬಹಳ ಹತ್ತಿರ, ಉಳಿಯ ಹದ ಮಾತ್ರ ಒಣಗಿದ್ದು. ಅಥೆನ್ಸಿನ ಕನ್ಯೆಯರಲ್ಲಿ ಒಬ್ಬಳಿಗೂ ಮುಂಗೈ ಉಳಿದಿಲ್ಲ. ಅವರ ಕೈಯಲ್ಲಿ ಪೂಜೆಯ ದ್ರವ ಎರೆಯುವ ಬಟ್ಟಲು ಇತ್ತೆಂದು ನಮಗೆ ತಿಳಿದದ್ದು ಟಿವೊಲಿಯ ಪ್ರತಿಗಳಿಂದ.